ಗಂಟಲು ಕೊಯ್ದ ಮೂರನೆಯ ದಿನ

ಥೈರಾಯ್ಡ್ ತೆಗೆಸಿಕೊಂಡ ರೋಗಿ ಮೊದಲ ದಿನ ಸುಮ್ಮನೆ ಮಲಗಿರುತ್ತಾನೆ. ಎರಡನೆಯ ದಿನ ಎದ್ದು ಕೂತು ಚಹಾ ಕೇಳುತ್ತಾನೆ, ಪಕ್ಕದ ಹಾಸಿಗೆಯವರ ಜೊತೆ ಹರಟೆ ಹೊಡೆಯುತ್ತಾನೆ. ಹೊಸದಾಗಿ ಸೇರಿದ ಡಾಕ್ಟರು ಅದನ್ನು ನೋಡಿ ಖುಷಿಯಿಂದ ಮನೆಗೆ ಕಳಿಸುವ ಚೀಟಿ ಬರೆಯಲು ಕೂರುತ್ತಾರೆ. ನಾನು ಮಾತ್ರ ಆ ಹೊತ್ತಿಗೆ ರೋಗಿಯ ತುಟಿ ಮತ್ತು ಬೆರಳು ನೋಡುತ್ತ ನಿಂತಿರುತ್ತಿದ್ದೆ. ನನಗೆ ಹೆದರಿಕೆ ಇದ್ದದ್ದು ಮೂರನೆಯ ದಿನಕ್ಕೆ.

ಗಂಗಾವತಿ, ಕೊಪ್ಪಳ ಎಂದು ಸರ್ಜನ್ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಯಾರಿಗೂ ಬೇಡದ ಸುದ್ದಿ, ನನಗೂ ಬೇಡ. ಈ ಕಡೆಯ ಆಸ್ಪತ್ರೆಗಳಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಪುಸ್ತಕ ಚೆನ್ನಾಗಿ ಓದಿಕೊಂಡು ಬರುತ್ತಾರೆ. ಓದಿದ್ದು ಯಲಬುರ್ಗಾದ ಬಸ್ಸಿನಿಂದ ಇಳಿದು ಬಂದ ಮನುಷ್ಯರ ಮೈಮೇಲೆ ಹೇಗೆ ಕಾಣಿಸುತ್ತದೆ ಎಂಬುದನ್ನು ಯಾರಾದರೂ ಹೇಳಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಥೈರಾಯ್ಡ್ ಎಂಬ ಗ್ರಂಥಿ ಗಂಟಲಿನ ಮುಂದೆ ಕೂತಿರುತ್ತದೆ. ಅದರ ಬೆನ್ನಿಗೆ ತೊಗರಿಬೇಳೆಯ ಗಾತ್ರದ ನಾಲ್ಕು ಸಣ್ಣ ಗ್ರಂಥಿಗಳು ಅಂಟಿಕೊಂಡಿರುತ್ತವೆ. ಅವಕ್ಕೆ ಪ್ಯಾರಾಥೈರಾಯ್ಡ್ ಎನ್ನುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ಕಾಯುವುದು ಅವುಗಳ ಕೆಲಸ. ದೊಡ್ಡದನ್ನು ತೆಗೆಯುವಾಗ ಈ ಸಣ್ಣವು ಪೆಟ್ಟು ತಿನ್ನುತ್ತವೆ, ಇಲ್ಲವೆ ಅವುಗಳ ರಕ್ತ ನಿಂತುಹೋಗುತ್ತದೆ, ಕೆಲವೊಮ್ಮೆ ಕೊಬ್ಬಿನ ತುಣುಕೆಂದು ತಿಳಿದು ನಾವೇ ಕಿತ್ತು ಹಾಕಿರುತ್ತೇವೆ. ಆಮೇಲೆ ಕ್ಯಾಲ್ಸಿಯಂ ಸದ್ದಿಲ್ಲದೆ ಇಳಿಯತೊಡಗುತ್ತದೆ. ತುಟಿಯ ಸುತ್ತ ಇರುವೆ ಹರಿದಂತಾಗುತ್ತದೆ. ಬೆರಳು ಜೋಮು ಹಿಡಿಯುತ್ತವೆ. ನಂತರ ಕೈ ತಾನಾಗಿ ತಿರುಚಿಕೊಳ್ಳುತ್ತದೆ, ಬಿಚ್ಚಲು ಬರುವುದಿಲ್ಲ. ಕೊನೆಗೆ ಗಂಟಲು ಮುಚ್ಚುತ್ತದೆ. ರೋಗಿಗೆ ಇಷ್ಟೂ ಹೊತ್ತು ಎಚ್ಚರ ಇರುತ್ತದೆ. ಹೆದರಿಕೆ ಹುಟ್ಟಿಸುವುದು ಅದೇ.

ನನಗೆ ಕೆಲಸ ಕಲಿಸಿದ ಹಿರಿಯರು ದೇಸಾಯಿ ಸರ್. ರಕ್ತಪರೀಕ್ಷೆಯನ್ನು ಅವರು ನಂಬುತ್ತಿರಲಿಲ್ಲ. ಗಂಗಾವತಿಯ ವಾರ್ಡಿನಲ್ಲಿ ಪ್ರತಿ ರೋಗಿಯ ಕಿವಿಯ ಮುಂದೆ ಕೆನ್ನೆಗೆ ಬೆರಳಿನಿಂದ ಟಪ್ಪೆಂದು ತಟ್ಟುವರು. ಕ್ಯಾಲ್ಸಿಯಂ ಇಳಿದಿದ್ದರೆ ಆ ಕಡೆಯ ತುಟಿ ಮೇಲಕ್ಕೆ ಜಿಗಿಯುತ್ತದೆ. ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ ಎನ್ನುವ ಹಾಗೆ ರೋಗಿಗಳು ಅವರ ಬೆರಳು ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಒಮ್ಮೆ ಸಿದ್ದಾಪುರ ಕಡೆಯ ಭತ್ತದ ವ್ಯಾಪಾರಿಯೊಬ್ಬ, “ಸಾಹೇಬ್ರ, ನಮ್ಮವ್ವ ಏನ್ ತಪ್ಪು ಮಾಡ್ಯಾಳಂತ ಹೊಡೀತೀರಿ?” ಎಂದು ಅಡ್ಡ ನಿಂತ. ಸರ್ ನಗಲಿಲ್ಲ. “ಬಾಯಿ ಸುಳ್ಳು ಹೇಳ್ತೈತಿ, ತುಟಿ ಸುಳ್ಳು ಹೇಳಂಗಿಲ್ಲಪಾ” ಎಂದು ಮುಂದಿನ ಹಾಸಿಗೆಗೆ ಹೋದರು.

ನಾನೂ ಅದನ್ನೇ ವೇದವಾಕ್ಯ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಆಪರೇಷನ್ ಮುಗಿಸಿ ಕೈ ತೊಳೆಯುವಾಗ ಎದುರಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಸುಮ್ಮನೆ ಕೆನ್ನೆಗೆ ತಟ್ಟಿಕೊಂಡೆ. ನನ್ನ ತುಟಿಯ ಮೂಲೆ ಜಿಗಿಯಿತು. ಇನ್ನೊಮ್ಮೆ ತಟ್ಟಿದೆ, ಮತ್ತೆ ಜಿಗಿಯಿತು. ಬೆನ್ನ ಹಿಂದೆ ಯಾರೋ ನಿಂತು ದಾರ ಹಿಡಿದು ಎಳೆದ ಹಾಗಿತ್ತು, ಕನ್ನಡಿಯಲ್ಲಿ ನನ್ನ ಹಿಂದೆ ಗೋಡೆ ಬಿಟ್ಟು ಏನೂ ಇರಲಿಲ್ಲ. ಆ ನಗುವಿನಂಥದ್ದು ನನ್ನದಲ್ಲ ಎಂದು ಮೈ ಜುಂ ಎಂದಿತು. ರಕ್ತ ಕೊಟ್ಟು ನೋಡಿದರೆ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು. ಕೆಲವರ ಮುಖವೇ ಹಾಗಂತೆ, ಏನೂ ಇಲ್ಲದಿದ್ದರೂ ಜಿಗಿಯುತ್ತದಂತೆ. ಸರ್‌ಗೆ ಹೇಳಿದೆ. “ಹಂಗಾದ್ರ ನಿನ್ನ ತುಟಿ ಸುಳ್ಳು ಹೇಳ್ತೈತಿ ಬಿಡು” ಎಂದರು. ಅಂದಿನಿಂದ ಆಪರೇಷನ್ನಿಗೆ ಮೊದಲೇ ಒಮ್ಮೆ ತಟ್ಟಿ ನೋಡುವ ಪದ್ಧತಿ ಇಟ್ಟುಕೊಂಡೆ. ಮೊದಲು ಜಿಗಿಯದ ತುಟಿ ಆಮೇಲೆ ಜಿಗಿದರೆ ಮಾತ್ರ ಅದಕ್ಕೆ ಅರ್ಥ.

ರಕ್ತವೂ ಸುಳ್ಳು ಹೇಳುತ್ತದೆ. ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ವೀರೇಶ ಎಂಬಾತನಿಗೆ ಕೊಪ್ಪಳದಲ್ಲಿ ಗಡ್ಡೆ ತೆಗೆದಿದ್ದೆ. ಮರುದಿನ ಬೆಳಿಗ್ಗೆ ಬಂದ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಎಷ್ಟು ಕಡಿಮೆ ಇತ್ತೆಂದರೆ, ಅಷ್ಟೇ ಇದ್ದ ಮನುಷ್ಯ ಉಸಿರಾಡುತ್ತಿರಲು ಸಾಧ್ಯವಿಲ್ಲ. ಪೊಟ್ಯಾಸಿಯಂ ಎಷ್ಟು ಹೆಚ್ಚಿತ್ತೆಂದರೆ ಹೃದಯ ನಿಂತಿರಬೇಕು. ವಾರ್ಡಿಗೆ ಓಡಿದೆ. ವೀರೇಶ ಕಿಟಕಿಯ ಬಳಿ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ. “ಬರ್ರಿ ಬಾಯಾರ, ನೀವೂ ತಗೋರ್ರಿ” ಎಂದು ಪೊಟ್ಟಣ ಮುಂದೆ ಹಿಡಿದ. ಈ ಕಡೆ ಹೆಣ್ಣು ಡಾಕ್ಟರನ್ನು ಬಾಯಾರು ಎಂದೇ ಕರೆಯುವುದು. ಒಂದು ಗಳಿಗೆ ನನಗೆ ಆ ಕಾಗದ ನಿಜವೆನಿಸಿ ಎದುರಿಗಿದ್ದವನೇ ಸುಳ್ಳೆನಿಸಿದ. ಸತ್ತವನು ತಾನು ಸತ್ತದ್ದು ಗೊತ್ತಿಲ್ಲದೆ ಮಂಡಕ್ಕಿ ತಿನ್ನುತ್ತಿದ್ದಾನೆ ಎನ್ನಿಸಿತು. ಅವನ ಕೈ ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಲ್ಯಾಬಿನ ಖಾಜಾಸಾಬ್‌ನನ್ನು ಕೇಳಿದೆ. ತಲೆ ಕೆರೆದುಕೊಂಡು, “ಕೆಂಪು ಮುಚ್ಚಳದ ಟ್ಯೂಬಿನ್ಯಾಗ ರಕ್ತ ಕಡಿಮಿ ಬಿದ್ದಿತ್ರಿ, ನೇರಳೆ ಮುಚ್ಚಳದ್ದರಾಗ ಜಾಸ್ತಿ ಇತ್ತು. ಸ್ವಲ್ಪ ಅದರಿಂದ ಇದಕ್ಕ ಸುರುವಿದ್ನಿರಿ” ಎಂದ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹಾಕಿದ ಮದ್ದು ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಪೂರ್ತಿ ನುಂಗಿಬಿಡುತ್ತದೆ. ಪಾಪ, ಇನ್ನೊಮ್ಮೆ ಸೂಜಿ ಚುಚ್ಚುವುದು ಬೇಡವೆಂದು ಮಾಡಿದ್ದ. ಬೈದೆ, ಆಮೇಲೆ ಇಬ್ಬರೂ ನಕ್ಕೆವು. ಆದರೆ ಆ ರಿಪೋರ್ಟ್ ನೋಡಿ ಗಾಬರಿಯಲ್ಲಿ ನರಕ್ಕೆ ಕ್ಯಾಲ್ಸಿಯಂ ಏರಿಸಿದ್ದರೆ ಅವನ ಹೃದಯ ನಿಜವಾಗಿಯೂ ನಿಲ್ಲಬಹುದಿತ್ತು. ಕಾಗದ ಕೈಗೆ ಬಂದ ಕೂಡಲೇ ಮನುಷ್ಯನ ಮುಖ ನೋಡಿ, ಮುಖ ನೋಡಿದ ಮೇಲೆ ಮತ್ತೆ ಕಾಗದ ನೋಡಿ.

ಈಗಿನವರಿಗೆ ಒಂದು ದೊಡ್ಡ ಅನುಕೂಲವಿದೆ. ನಮ್ಮ ಕಾಲದಲ್ಲಿ ಕ್ಯಾಲ್ಸಿಯಂ ಇಳಿದ ಮೇಲೆ ಗೊತ್ತಾಗುತ್ತಿತ್ತು. ಈಗ ಆಪರೇಷನ್ ಆದ ಸಂಜೆಯೇ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಎಷ್ಟಿದೆ ಎಂದು ರಕ್ತದಲ್ಲಿ ನೋಡುತ್ತಾರೆ. ಅದು ತಳ ಕಂಡಿದ್ದರೆ ಕ್ಯಾಲ್ಸಿಯಂ ಅಂದು ಸರಿಯಾಗಿದ್ದರೂ ನಾಳೆ ನಾಡಿದ್ದು ಇಳಿಯುವುದು ಬಹುಮಟ್ಟಿಗೆ ಖಾತ್ರಿ. ಮೊದಮೊದಲು ಆ ರಕ್ತವನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಹುಬ್ಬಳ್ಳಿಯ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೆವು. ಬಿಸಿಲಿಗೆ ಮಂಜು ಕರಗಿ ಮಾದರಿ ಕೆಡುತ್ತಿತ್ತು. ಈಗ ಊರಲ್ಲೇ ಆಗುತ್ತದೆ.

ಅನುಕೂಲ ಎಂದೆ, ಅದಕ್ಕೆ ಇನ್ನೊಂದು ಮುಖವೂ ಇದೆ. ಹೆಂಗಸೊಬ್ಬಳು ಹಾಸಿಗೆಯಲ್ಲಿ ಕೂತು ನಗುತ್ತ ಮಗಳಿಗೆ ಜಡೆ ಹಾಕುತ್ತಿರುತ್ತಾಳೆ. ಆ ಕೈ ನಾಡಿದ್ದು ಹೇಗೆ ಮಡಚಿಕೊಳ್ಳುತ್ತದೆ ಎಂಬುದು ಬಾಗಿಲಲ್ಲಿ ನಿಂತ ನನಗೆ ಗೊತ್ತಿರುತ್ತದೆ, ಅವಳಿಗೆ ಗೊತ್ತಿರುವುದಿಲ್ಲ. ಹೀಗೆ ಮುಂದಿನದು ತಿಳಿದುಕೊಂಡು ವಾರ್ಡಿನಲ್ಲಿ ನಡೆಯುವುದು ನನಗೆ ಎಂದೂ ಹಿತವೆನಿಸಲಿಲ್ಲ. ಜಡೆ ಹಾಕುತ್ತಿದ್ದ ಆ ಹೆಂಗಸೇ ಶಾಂತವ್ವ. ಇಷ್ಟು ಬರೆಯಲು ಕೂತದ್ದೇ ಅವಳ ಸಲುವಾಗಿ.

ಶಾಂತವ್ವ ಕುಷ್ಟಗಿ ಕಡೆಯ ಹಳ್ಳಿಯವಳು. ಗಂಡ ಯಮನೂರಪ್ಪ ಟಂಟಂ ಎಂಬ ಮೂರು ಗಾಲಿಯ ಗಾಡಿ ಓಡಿಸುತ್ತಾನೆ, ಮನೆಯಲ್ಲಿ ಹೊಲ, ನಾಲ್ಕಾರು ಎಮ್ಮೆ. ಅವಳು ಅವನ ಎರಡನೆಯ ಹೆಂಡತಿ. ಮೊದಲನೆಯವಳು ಲಚ್ಚವ್ವ, ಶಾಂತವ್ವನ ಒಡಹುಟ್ಟಿದ ಅಕ್ಕ. ಅವಳು ತೀರಿಕೊಂಡ ಮೇಲೆ ಅವಳ ಮಗಳು ಅನಾಥಳಾಗಬಾರದೆಂದು ತಂಗಿಯನ್ನೇ ಕೊಟ್ಟು ಮದುವೆ ಮಾಡಿದ್ದರು. ಕೆಲವು ಮನೆಗಳಲ್ಲಿ ಒಂದು ಪದ್ಧತಿ ಉಂಟು. ಎರಡನೆಯವಳು ಸತ್ತ ಮೊದಲನೆಯವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿಯ ತಗಡನ್ನು ಕೊರಳಲ್ಲಿ ಹಾಕಿಕೊಳ್ಳಬೇಕು. ಅವಳಿಗೂ ಮನೆಯಲ್ಲಿ ಜಾಗ ಇದೆ ಎಂದು ತೋರಿಸಿದರೆ ಅವಳು ಸುಮ್ಮನಿರುತ್ತಾಳೆ ಎಂದು ನಂಬಿಕೆ. ಶಾಂತವ್ವನ ಕೊರಳಲ್ಲಿ ಅದು ತಾಳಿಯ ಜೊತೆಗೇ ಇತ್ತು, ಸರಿಯಾಗಿ ಗಡ್ಡೆಯ ಮೇಲೆ.

ಆಪರೇಷನ್ನಿಗೆ ಮೊದಲು ಕೊರಳಲ್ಲಿ ಏನೂ ಇರಬಾರದು. ತಾಳಿ ಬಿಚ್ಚಲು ಅತ್ತೆ ಫಕೀರವ್ವ ಹೇಗೋ ಒಪ್ಪಿದಳು. ತಗಡಿಗೆ ಒಪ್ಪಲಿಲ್ಲ.

“ಅದೊಂದು ಬಿಡ್ರಿ ಬಾಯಾರ. ಆಕಿ ಭಾಳ ಸಿಟ್ಟಿನಾಕಿ.”

“ನಾ ಕೊಯ್ಯೂದು ಅಲ್ಲೇ ಐತ್ಯಲ್ಲವ್ವಾ” ಎಂದೆ.

ಶಾಂತವ್ವ ತಾನೇ ಬಿಚ್ಚಿದಳು. “ಅಕ್ಕ ಕೊಳ್ಳಾಗಿದ್ರ ನನಗೇನು ಭಾರಲ್ರಿ. ಎರಡು ದಿನ ಬಿಟ್ಟಿರ್ತಾಳ ತಗೋರ್ರಿ” ಎಂದು ನಕ್ಕಳು. ಯಮನೂರಪ್ಪ ಅದನ್ನು ಅರಿವೆಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಮನೆತನದಲ್ಲಿ ಬೇರೆ ಯಾರಿಗಾದರೂ ಗಂಟಲಿನ ಗಡ್ಡೆ ಇತ್ತೇ ಎಂದು ಕೇಳಿದೆ, ಕೆಲವು ಮನೆತನಗಳಲ್ಲಿ ಅದು ರಕ್ತದಲ್ಲೇ ಬರುತ್ತದೆ. ಫಕೀರವ್ವ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಕ್ಕ ಹೇಗೆ ತೀರಿಕೊಂಡಳು ಎಂದು ಕೇಳಿದರೆ, “ಗಾಳಿ ಬಡಿದಿತ್ರಿ” ಎಂದಷ್ಟೇ ಹೇಳಿದಳು. ಗಾಳಿ ಎಂದರೆ ದೆವ್ವ.

ಗಡ್ಡೆ ದೊಡ್ಡದಿತ್ತು, ಹಿಂದಕ್ಕೆ ಅಂಟಿತ್ತು. ಸಣ್ಣ ಗ್ರಂಥಿಗಳಲ್ಲಿ ಎರಡನ್ನು ಚೆನ್ನಾಗಿ ಕಂಡೆ, ಮೂರನೆಯದು ಕಂದಿತ್ತು, ನಾಲ್ಕನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಂಜೆಯ ರಿಪೋರ್ಟಿನಲ್ಲಿ ಹಾರ್ಮೋನು ತಳ ಮುಟ್ಟಿತ್ತು. ಕೂಡಲೇ ಕ್ಯಾಲ್ಸಿಯಂ ಗುಳಿಗೆಯನ್ನೂ ಅದನ್ನು ಕರುಳಿನಿಂದ ರಕ್ತಕ್ಕೆ ಎಳೆದುಕೊಳ್ಳುವ ವಿಟಮಿನ್ ಗುಳಿಗೆಯನ್ನೂ ಶುರು ಮಾಡಿದೆ. ಹೊಟ್ಟೆಗೆ ಅವು ಹೊತ್ತುಹೊತ್ತಿಗೆ ಬೀಳುತ್ತಿದ್ದರೆ ಅಂಜಿಕೆ ಇಲ್ಲ.

ಎರಡನೆಯ ದಿನ ಕ್ಯಾಲ್ಸಿಯಂ ಪರವಾಗಿಲ್ಲ ಎನ್ನುವಂತಿತ್ತು. ಆಗ ಯಮನೂರಪ್ಪ ಬಂದು, ನಾಳೆ ಅಮಾವಾಸ್ಯೆ, ಮನೆಗೆ ಹೋಗಲೇಬೇಕು ಎಂದ. ನಾನು ಖಡಾಖಂಡಿತ ಬೇಡ ಎಂದೆ. ಅವ್ವ ಹಟ ಹಿಡಿದಿದ್ದಾಳೆ ಎಂದು ತನ್ನ ಜವಾಬ್ದಾರಿಯ ಮೇಲೆ ಸಹಿ ಹಾಕಿದ. ಸರಿ, ಎಲ್ಲರನ್ನೂ ನಿಲ್ಲಿಸಿ ಹೇಳಿದೆ.

“ನಾಳೆ ಮೂರನೇ ದಿನ. ತುಟಿ ಜುಮುಜುಮು ಅನ್ನಬಹುದು, ಕೈ ತಿರುವಬಹುದು. ಗುಳಿಗಿ ಒಂದು ಹೊತ್ತು ತಪ್ಪಿದ್ರ ತಿರುವಿದ್ದಽ. ಕೈ ಏನರ ಬಿಗೀತು ಅಂದ್ರ ನನಗ ಫೋನ್ ಮಾಡ್ರಿ.”

ಫಕೀರವ್ವ ನನ್ನನ್ನು ನೆಟ್ಟಗೆ ನೋಡಿದಳು. “ಇಂಥಾ ದಿನಾನಽ ಅಂತ ಹೇಳ್ತೀರೇನ್ರಿ ಬಾಯಾರ? ನಿಮಗ ಯಾರು ಹೇಳ್ಯಾರ?”

“ಆಕಿ ರಕ್ತ ಹೇಳೈತಿ” ಎಂದೆ. ನನಗೆ ಅದು ಬರೀ ಮಾತು. ಆ ಮುದುಕಿಯ ಮುಖದ ಬಣ್ಣ ಯಾಕೆ ಹೋಯಿತೆಂದು ಆಗ ತಿಳಿಯಲಿಲ್ಲ.

ಮರುದಿನ ಸುಡು ಮಧ್ಯಾಹ್ನ ನನ್ನ ಫೋನಿಗೆ ಯಮನೂರಪ್ಪನಿಂದ ಒಂದು ವಿಡಿಯೋ ಬಂತು. ಒಂದು ಅಕ್ಷರವನ್ನೂ ಬರೆದಿರಲಿಲ್ಲ. ದೇವರ ಜಗುಲಿಯ ಮುಂದೆ ಶಾಂತವ್ವ ಕೂತಿದ್ದಾಳೆ. ಕೊರಳಲ್ಲಿ ನಾನು ಹಾಕಿದ ಪಟ್ಟಿ. ಮೊಣಕೈ ಮೇಲೆ ಕುರಿ ಉಣ್ಣೆಯ ಕರಿ ಹುರಿ ಸುತ್ತಿ, ಅದರಲ್ಲೊಂದು ಕಟ್ಟಿಗೆ ತೂರಿಸಿ ಫಕೀರವ್ವ ತಿರುವುತ್ತಿದ್ದಾಳೆ. ಗಾಳಿ ಬಡಿದವರಿಗೆ ಹೀಗೆ ಕಟ್ಟಿ, ಒಳಗಿದ್ದವರು ಓಡಿಹೋಗದಂತೆ ಮಾಡಿ ಹೆಸರು ಕೇಳುವುದು ಅವರ ಮನೆಯ ಪದ್ಧತಿಯಂತೆ. “ಯಾರು ನೀನು? ಹೆಸರು ಹೇಳು.” ಸುತ್ತಲಿನ ಜನರ ಗದ್ದಲ. ಶಾಂತವ್ವನ ತುಟಿ ಅಲುಗುತ್ತದೆ, ಏನೆಂದಳೋ ಕೇಳಿಸುವುದಿಲ್ಲ. ಹುರಿ ಬಿಗಿಯಾದಂತೆ ಅವಳ ಹೆಬ್ಬೆರಳು ಮೆಲ್ಲಗೆ ಅಂಗೈಯೊಳಗೆ ಹೋಗುತ್ತದೆ. ಉಳಿದ ಬೆರಳುಗಳು ನೆಟ್ಟಗೆ ಒಂದಕ್ಕೊಂದು ಅಂಟಿ ಸೆಟೆಯುತ್ತವೆ. ಮಣಿಕಟ್ಟು ಕೆಳಕ್ಕೆ ಬಾಗುತ್ತದೆ. ಅವಳು ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಾಳೆ. ಹುರಿ ಸಡಿಲ ಬಿಟ್ಟರೆ ಕೈ ಅರ್ಧ ಬಿಚ್ಚುತ್ತದೆ. ಮತ್ತೆ ತಿರುವಿದರೆ ಮತ್ತೆ ಸೆಟೆಯುತ್ತದೆ. “ಬಂದ್ಲು, ಬಂದ್ಲು” ಎಂದು ಯಾರೋ ಅನ್ನುತ್ತಾರೆ.

ಇದೇ ಪರೀಕ್ಷೆಯನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ಮಾಡಿದ್ದೇನೆ. ರಕ್ತದ ಒತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ಹಿಡಿದರೆ, ಕ್ಯಾಲ್ಸಿಯಂ ಇಳಿದವರ ಕೈ ಹೀಗೆಯೇ ತಿರುಚುತ್ತದೆ. ನಾವು ಪಟ್ಟಿ ಬಿಗಿದು ಕ್ಯಾಲ್ಸಿಯಂ ಕಾಣುತ್ತಿದ್ದೆವು, ಅವರು ಹುರಿ ಬಿಗಿದು ಲಚ್ಚವ್ವನನ್ನು ಕಾಣುತ್ತಿದ್ದರು.

ಫೋನ್ ಹಚ್ಚಿದೆ. ಯಮನೂರಪ್ಪ ಎತ್ತಿದ.

“ಗುಳಿಗಿ ಕೊಟ್ಟೀರೇನು?”

“ಇಲ್ರಿ. ತಗಡು ಪೂಜಿ ಮಾಡಿ ಕೊಳ್ಳಿಗೆ ಕಟ್ಟೂತನಾ ಉಪಾಸ ಇರಬೇಕ್ರಿ. ನಿನ್ನೆ ಸಂಜಿಂದ ನೀರು ಬಿಟ್ಟು ಏನೂ ಕೊಟ್ಟಿಲ್ರಿ.”

“ಹುರಿ ಬಿಚ್ಚು ಮೊದಲು. ಆಕಿನ್ನ ಎತ್ತಿ ನಿನ್ನ ಟಂಟಂನ್ಯಾಗ ಹಾಕ್ಕೊಂಡು ಕುಷ್ಟಗಿ ಆಸ್ಪತ್ರಿಗೆ ಬಾ. ನಾ ಅಲ್ಲಿಗೆ ಹೇಳ್ತೀನಿ.”

“ಅವ್ವ ಬಿಡವಲ್ಲಳ್ರಿ. ಬಾಯಾರಿಗೆ ಮೊದಲಽ ಗೊತ್ತಿತ್ತು ಅಂತಾಳ್ರಿ. ಲಚ್ಚವ್ವ ಬರೂದು ಕಾಣದಽ ಹೆಂಗ ಮೂರನೇ ದಿನಾ ಅಂತ ಹೇಳಿದ್ರು ಅಂತಾಳ್ರಿ.”

ಅವನ ಮಾತಿನ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ಉಸಿರು ಒಳಗೆ ಹೋಗುವಾಗ ಪೀಪಿಯಂತೆ ಸಣ್ಣಗೆ ಊದುವ ಸದ್ದು. ಗಂಟಲು ಮುಚ್ಚುತ್ತಿತ್ತು. ನನ್ನ ಲೆಕ್ಕ ತಪ್ಪಿರಲಿಲ್ಲ, ಆ ಸರಿಯಾದ ಲೆಕ್ಕವೇ ಅವಳ ಜೀವ ತೆಗೆಯುವುದರಲ್ಲಿತ್ತು. ಜೀವಮಾನದಲ್ಲಿ ಅಷ್ಟು ಅಸಹಾಯಕಳಾಗಿ ನಾನು ಎಂದೂ ನಿಂತಿರಲಿಲ್ಲ. ಫೋನು ಅವ್ವನಿಗೆ ಕೊಡು ಎಂದೆ.

“ಫಕೀರವ್ವಾ, ನಿಮ್ಮ ಎಮ್ಮಿ ಈದ ಮ್ಯಾಲ ಎಂದರ ನೆಲಾ ಹಿಡಿದಿತ್ತೇನು?”

“ಹಿಡಿದಿತ್ರಿ. ಹೋದ ವರ್ಷ. ಕುತ್ತಿಗಿ ಹೊಳ್ಳಿಸಿ ಬಿದ್ದಿತ್ತು.”

“ಏನು ಮಾಡಿದ್ರಿ?”

“ದನದ ಡಾಕ್ಟರು ಬಂದು ಕ್ಯಾಲ್ಸಿಯಂ ಬಾಟ್ಲಿ ನರಕ್ಕ ಏರಿಸಿದ್ರು. ಎದ್ದು ನಿಂತಿತ್ರಿ.”

“ಆ ಎಮ್ಮಿಗೆ ಯಾರು ಬಡಕೊಂಡಿದ್ರವ್ವಾ? ಹುರಿ ಕಟ್ಟಿ ಹೆಸರು ಕೇಳಿದ್ರೇನು?”

ಉತ್ತರಕ್ಕೆ ಕಾಯದೆ ನಾನೇ ಮುಂದುವರಿಸಿದೆ. “ಅದಽ ಬಾಟ್ಲಿ ಈಕಿಗೂ ಬೇಕು. ತಡಾ ಮಾಡಿದ್ರ ಆ ಕೂಸಿಗೆ ಎರಡನೇ ಸಲ ತಾಯಿ ಹೋಗ್ತಾಳ” ಎಂದೆ. ಆಮೇಲೆ ಫೋನು ನೆಲಕ್ಕೆ ಬಿದ್ದ ಸದ್ದು, ಸ್ವಲ್ಪ ಹೊತ್ತಿಗೆ ಟಂಟಂ ಶುರುವಾದ ಸದ್ದು.

ಕುಷ್ಟಗಿಯ ಡ್ಯೂಟಿ ಡಾಕ್ಟರಿಗೆ ಎಲ್ಲ ಹೇಳಿ ನಾನೂ ಕಾರು ಹತ್ತಿದೆ. ಎರಡೂ ಕಡೆ ಎರೆಹೊಲ, ರಸ್ತೆಯ ಮೇಲೆ ಬಿಸಿಲು ಕುದಿಯುತ್ತಿತ್ತು. ಆ ಪೀಪಿಯ ಸದ್ದು ಕಾರಿನೊಳಗೇ ಕೇಳಿಸಿದಂತಾಗುತ್ತಿತ್ತು. ನಾನು ತಲುಪುವ ಹೊತ್ತಿಗೆ ಕ್ಯಾಲ್ಸಿಯಂ ಏರಿಸುತ್ತಿದ್ದರು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವಳು, ಗಾಬರಿ ಬೀಳದೆ, ಹೃದಯದ ಬಡಿತ ನೋಡಿಕೊಂಡು ಹನಿಹನಿಯಾಗಿ ಬಿಡುತ್ತಿದ್ದಳು. ಅವಸರ ಮಾಡಿದ್ದರೆ ಎದೆ ನಿಲ್ಲುತ್ತಿತ್ತು. ಮೊದಲು ಉಸಿರಿನ ಸದ್ದು ಇಳಿಯಿತು. ಆಮೇಲೆ ಶಾಂತವ್ವನ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು, ಕೊನೆಗೆ ಹೆಬ್ಬೆರಳು. ಅವಳು ಅಂಗೈಯನ್ನು ತಿರುವಿ ತಿರುವಿ ನೋಡಿಕೊಂಡಳು. ತೋಳಿನಲ್ಲಿ ಹುರಿಯ ಬರೆ ನೀಲಿಗಟ್ಟಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ನಾಚಿಕೆ ಪಡಲಿಲ್ಲ.

ಹೊರಗೆ ಬಂದರೆ ಕಟ್ಟೆಯ ಮೇಲೆ ಫಕೀರವ್ವ ಕೂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಸೊಸೆ ಉಳಿದಳು, ಇನ್ನು ಅಂಜಬೇಡ ಎಂದೆ. ಅವಳು ತಲೆ ಎತ್ತಲಿಲ್ಲ.

“ಬಾಯಾರ, ಎಮ್ಮಿಗೆ ದೆವ್ವ ಬಡಿದಿರಲಿಲ್ಲ. ಈಕಿಗೂ ಬಡಿದಿಲ್ಲ.”

“ಇಲ್ಲವ್ವಾ.”

“ಹಂಗಾದ್ರ ಲಚ್ಚವ್ವಗ?”

ನಾನು ಅವಳ ಪಕ್ಕದಲ್ಲಿ ಕೂತೆ. ಅವಳು ನಿಧಾನವಾಗಿ ಹೇಳಿದಳು. ಲಚ್ಚವ್ವನಿಗೂ ಕೊರಳಲ್ಲಿ ಗಡ್ಡೆ ಇತ್ತಂತೆ. ದೂರದ ಊರಿನಲ್ಲಿ ಕೊಯಿಸಿಕೊಂಡು ಬಂದಿದ್ದರಂತೆ. ಮನೆಗೆ ಬಂದ ಮೇಲೆ ಕೈ ತಿರುಚಿತಂತೆ. ಗಾಳಿ ಬಡಿದು ಸತ್ತವಳೆಂದಾದ ಮೇಲೆ ಗಡ್ಡೆಯ ಮಾತನ್ನು ಆ ಮನೆಯಲ್ಲಿ ಯಾರೂ, ಒಡಹುಟ್ಟಿದ ತಂಗಿ ಕೂಡ, ಎತ್ತುವಂತಿರಲಿಲ್ಲ.

“ಆಕಿಗೂ ಮೂರನೇ ದಿನಾನಽ ಬಂದಿತ್ರಿ. ನೀವು ಮೂರನೇ ದಿನಾ ಅಂದಾಗ ನನ್ನ ಎದಿ ಝಲ್ ಅಂತು. ಇದಽ ಹುರಿ ಕಟ್ಟಿ ನಾನಽ ಕೇಳಿದ್ನಿ, ಯಾರು ನೀನು ಅಂತ. ಬೆಳಗಾಗೂತನಾ ಕೇಳಿದ್ನಿ.”

“ಏನಂದ್ಲು?”

ಫಕೀರವ್ವ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

“ತನ್ನ ಹೆಸರಽ ಹೇಳಿದ್ಲು ಬಾಯಾರ. ನಾ ಲಚ್ಚವ್ವ ಅದೀನಿ ಅತ್ತಿ, ನಾ ಲಚ್ಚವ್ವ ಅದೀನಿ ಅಂತ ಸಾಯೂತನಾ ಅದನ್ನಽ ಅಂದ್ಲು. ನಾ ನಂಬಲಿಲ್ಲ.”